ಸುತ್ತಿ ಕೊಟ್ಟ ಸುದ್ದಿ

ಹೂಟಗಳ್ಳಿ ಹೌಸಿಂಗ್ ಬೋರ್ಡು, ಮೂರನೇ ಅಡ್ಡರಸ್ತೆ.
ಡಿಸೆಂಬರ್ ಇಪ್ಪತ್ತಾರು. ಏಳೂವರೆಯಾದರೂ ಬಿಸಿಲು
ನೀರಿನ ಟ್ಯಾಂಕಿನ ಹೆಗಲಿಂದ ಕೆಳಗಿಳಿದಿಲ್ಲ.
ನಮ್ಮದು ಸಿಸ್ಟರುಗಳ ಶಾಲೆ, ಹತ್ತು ದಿನ ರಜೆ.
ಹಾಜರಿ ಪುಸ್ತಕ ಅಲ್ಲೇ ಬೀರುವಿನಲ್ಲಿ;
ಸೀಮೆಸುಣ್ಣದ ಕೆಮ್ಮು ಮಾತ್ರ ನನ್ನ ಜೊತೆ ಮನೆಗೆ ಬಂದಿದೆ.

ಹೊಂಗೆಮರದಡಿ ಮಾದಶೆಟ್ಟಿ
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತಾನೆ.
ಒಂದೆರಡು ಕಿಡಿ ಮಂಜಿಗೆ ಹಾರಿ
ಹಾರಿದಲ್ಲೇ ಆರುತ್ತವೆ.
ಸುತ್ತ ನಾವು, ಚಳಿ ಕಾಯಿಸಲು ಬಂದವರು,
ನೆಪಕ್ಕೊಂದು ಮಾತು: "ಬಟ್ಟೆ ಆಯ್ತಾ ಶೆಟ್ರೇ?"

ಪೇಪರ್ ಒಂದೇ. ಬಾಯಿ ಏಳು.
ರಿಟೈರಾದ ಲೈನ್‌ಮನ್ ಜವರಪ್ಪನಿಗೆ ಮೊದಲು ಹವಾಮಾನ:
ಹನ್ನೆರಡು ಡಿಗ್ರಿ ಎಂದು ಓದಿದ ಮೇಲೇ
ಅವನಿಗೆ ನಡುಕ ಶುರು.
ಫಿಲೋಮಿನಾ ಆಂಟಿಗೆ ಚಿನ್ನದ ರೇಟು ಬೇಕು,
ಹೋದ ವರ್ಷ ಕೊಂಡ ಬಳೆ ಇವತ್ತು ಎಷ್ಟಾಯಿತೆಂದು ಹಿಗ್ಗಲು.
ಶಾಕಿರಾ ನಿಂತಲ್ಲೇ ಅವರೆಕಾಳು ಹಿತುಕುತ್ತಾ
"ಆ ಯುದ್ಧ ನಿಂತಿತಾ ಅಣ್ಣಾ?" ಎಂದು ದಿನಾ ಕೇಳುತ್ತಾಳೆ.
"ಇಲ್ಲ ಕಣಮ್ಮ," ಪುಟ ತಿರುವದೆಯೇ ಜವರಪ್ಪ.
ಚಿಮ್ಮಿದ ಕಾಳೊಂದು ಹೋಗಿ ಕೂತದ್ದು
ಯಾವನೋ ಮಂತ್ರಿಯ ಹಣೆಯ ಮೇಲೆ.
ಎಲ್ಲರೂ ನಕ್ಕೆವು. ಯುದ್ಧ ನಿಂತಿರಲಿಲ್ಲ.

ಮೂರನೇ ಪುಟದಲ್ಲಿ ನಾವೇ ಇದ್ದೆವು:
'ಬಡಾವಣೆಯಲ್ಲಿ ಚಿರತೆ, ನಿವಾಸಿಗಳಲ್ಲಿ ಆತಂಕ.'
ಚಿರತೆ ಕಂಡವರು ನಮ್ಮಲ್ಲಿ ಯಾರೂ ಇಲ್ಲ;
ಆತಂಕವನ್ನೂ ಓದಿಯೇ ಪಟ್ಟದ್ದು.
ಹುಡುಗರು ಅವತ್ತೇ ಕಾನೂನು ತಿದ್ದಿದರು:
ಪಾರ್ಥೇನಿಯಂ ಬೆಳೆದ ಖಾಲಿ ಸೈಟಿಗೆ ಚೆಂಡು ಬಿದ್ದರೆ
ಇನ್ನು ಮೇಲೆ ಸಿಕ್ಸರ್ ಅಲ್ಲ, ಔಟು.

ಸಂಜೆ ಬಟ್ಟೆಗಂಟು ಬಂತು,
ಬಿಸಿ ಆರದ ಸೀರೆಗಳು, ಜುಲೈ ತಿಂಗಳ ಪೇಪರಿನಲ್ಲಿ.
ಕಟ್ಟೆ ತುಂಬಿದ ಸುದ್ದಿ ಬಿಚ್ಚಿ ಓದಿದೆ,
ಕೊಡ ತೊಳೆದು ನಾಳೆಯ ನಲ್ಲಿಗೆ ಕಾಯುತ್ತಾ.
ಇನ್ನೊಂದು ಮಡಿಕೆ ತೆರೆದರೆ ನಮ್ಮ ಶಾಲೆ!
ತಾಲೂಕು ಖೋಖೋ, ಕಪ್ಪು ಹಿಡಿದ ಎಂಟನೇ ಕ್ಲಾಸು.
ಎಡಗಡೆಯಿಂದ ಮೂರನೆಯವಳು ಇಂಪನಾ,
ಅಚ್ಚಿನಲ್ಲಿ 'ಎಂಪನಾ'.
ಕಣ್ಣು ಕ್ಯಾಮರಾ ಕಡೆ ಇಲ್ಲ, ಕಾಲು ಇನ್ನೂ ಓಡುವ ಲೆಕ್ಕದಲ್ಲಿದೆ.

ದಸರೆ ಮುಗಿದ ಮೇಲೆ ಅವಳು ಬಂದಿಲ್ಲ.
ಮೊದಲ ವಾರ ಹೆಸರು ಕೂಗಿದೆ.
ಎರಡನೇ ವಾರ, ಕೂಗುವಾಗ ತಲೆಯೆತ್ತಲಿಲ್ಲ.
ಆಮೇಲೆ ಕೂಗದೆಯೇ ಗೈರು ಹಾಕುತ್ತಾ ಬಂದೆ,
ಕೆಂಪು ಮಸಿ, ಸಣ್ಣ ಗೀಟು, ಸಾಲಾಗಿ ನವೆಂಬರ್ ಪೂರ್ತಿ.
ಇದು ಯಾವ ಪುಟದಲ್ಲೂ ಬರಲಿಲ್ಲ.
ಬರೆಯಬೇಕಾದವಳು ನಾನೇ ಇದ್ದೆ.

ಬೆಳಿಗ್ಗೆ ಪೇಪರ್ ಹಿಡಿದು ಕೆಳಗಿಳಿದೆ.
"ಇದನ್ನೂ ಒಂದ್ಸಲ ಉಜ್ಜಿ ಕೊಡಿ ಶೆಟ್ರೇ."
ಅವನು ಪೆಟ್ಟಿಗೆಯ ತಳ ಒದ್ದೆ ಬಟ್ಟೆಗೆ ತಾಗಿಸಿ
ಸೊಯ್ ಎನ್ನಿಸಿ, ಬಿಸಿ ತಗ್ಗಿಸಿ, ಅಂಚಿನಿಂದ ಶುರುಮಾಡಿದ.
"ಓದಕ್ ಬರಲ್ಲ ಮೇಡಂ. ಸುತ್ತುವಾಗ ಮಾತ್ರ ನೋಡ್ಕತೀನಿ,
ಯಾರ್ ಮಕದ್ ಮೇಲೂ ಮಡಿಕೆ ಬರಬಾರ್ದು ಅಂತ."
ನಿಜ. ಗೆರೆ ಬಿದ್ದದ್ದು ಕಪ್ಪಿನ ಮೇಲೆ,
ಹನ್ನೆರಡು ಮುಖವೂ ನೆಟ್ಟಗಿದ್ದವು.
ಎಷ್ಟು ಅಂದರೆ ತಲೆ ಕೆರೆದುಕೊಂಡ:
"ಕಾಗದಕ್ಕೆ ರೇಟೇ ಮಾಡಿಲ್ಲ."

ಅಷ್ಟರಲ್ಲಿ ಜವರಪ್ಪನ ದನಿ:
"ಅರಣ್ಯ ಇಲಾಖೆ ಬೋನಿಗೆ ಬಿದ್ದದ್ದು ನಾಯಿಯಂತೆ!"
ನಮ್ಮ ಬೀದಿಯ ಕೆಂಚ. ಫೋಟೋದಲ್ಲಿ ನಾಚಿಕೊಂಡಿದೆ.
ಫಿಲೋಮಿನಾ ಆಂಟಿ ಉಳಿದ ಕೇಕಿನ ತುಂಡು ಹಿಡಿದು
ಕೆಂಚನನ್ನು ಬಿಡಿಸಿ ತರಲು ಯಾರು ಬರುತ್ತೀರಿ ಎಂದರು.

ಚೆಂಡು ಮಾತ್ರ ಈಗಲೂ ಖಾಲಿ ಸೈಟಿಗೆ ಬಿದ್ದರೆ ಔಟೇ.
ಇಂಪನಾಳ ಮನೆ ಬೆಳವಾಡಿಯ ಕಡೆ ಎಂದು
ಯಾರೋ ಹುಡುಗಿ ಹೇಳಿದ್ದ ನೆನಪು.
ರಜೆ ಇನ್ನೂ ಐದು ದಿನ ಇದೆ.
ಎರಡನೇ ಬಸ್ಸು ಒಂಬತ್ತೂ ಕಾಲಕ್ಕೆ.